ಇಪ್ಪತ್ತೇಳು ಜಿಪ್ಪಿನ ಚೀಲ

ವೋಯಿ ಪೇಟೆಯ ಬಸ್ ನಿಲ್ದಾಣದ ಹಿಂದೆ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ಮಘಂಗ ತನ್ನ ನಲವತ್ತೇಳು ವರ್ಷದ ಬದುಕಿನಲ್ಲಿ ಒಂದೇ ಒಂದು ಆನೆಯ ಫೋಟೊವನ್ನೂ ತೆಗೆದವನಲ್ಲ. ಊರಿನ ಬೇಲಿ ದಾಟಿದರೆ ತ್ಸಾವೊ ಕಾಡು. ಅಲ್ಲಿನ ಆನೆಗಳು ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡು ಹೆದ್ದಾರಿಯ ಪಕ್ಕದಲ್ಲೇ ಅಡ್ಡಾಡುತ್ತಿದ್ದವು. ಅವನ್ನು ನೋಡಲೆಂದು ಎಲ್ಲೆಲ್ಲಿಂದಲೋ ಜನ ವಿಮಾನ ಹತ್ತಿ ಬರುತ್ತಿದ್ದರು. ಮಘಂಗನಿಗೆ ಮಾತ್ರ ಸ್ಟೂಲಿನ ಮೇಲೆ ಕೂರಿಸಿದರೆ ಅಲ್ಲಾಡದೆ ಕೂರುವ ಪ್ರಾಣಿಗಳೇ ಇಷ್ಟ. ಗುರುತಿನ ಚೀಟಿಗೆ ಮುಖ, ಮದುವೆಗೆ ಜೋಡಿ, ಪದವಿ ಸಿಕ್ಕವರಿಗೆ ಕರಿ ನಿಲುವಂಗಿ. ಇಷ್ಟರಲ್ಲೇ ಅವನ ಸಂಸಾರ ನಡೆಯುತ್ತಿತ್ತು.

ಹೀಗಿರುವಾಗ ಒಂದು ದಿನ ಮಲೆಂಬ ಎಂಬ ಹೆಂಗಸು ಪಾಸ್‌ಪೋರ್ಟಿನ ಫೋಟೊ ತೆಗೆಸಲು ಬಂದಳು. ಕಾಡಿನೊಳಗೆ ಗಲಾನ ನದಿಯ ದಡದಲ್ಲಿ ಡೇರೆಗಳ ವಸತಿ ನಡೆಸುವವಳು ಅವಳು. ಫೋಟೊ ಕೈಗೆ ಬಂದಾಗ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, ಬೆಳಕಿಗೆ ಒಡ್ಡಿ ನೋಡಿದಳು. ಅವಳ ವಯಸ್ಸಿನಿಂದ ಹತ್ತು ವರ್ಷ ಎಲ್ಲೋ ಇಳಿದುಹೋಗಿತ್ತು.

"ಮಘಂಗ ಅವ್ರೇ, ನನ್ನ ಮುಖಾನೇ ಇಷ್ಟು ಚೆನ್ನಾಗಿ ತೆಗ್ದಿದೀರ ಅಂದ್ರೆ ಆನೆದು ಇನ್ನೆಷ್ಟು ಚೆನ್ನಾಗಿ ತೆಗೀಬೋದು ನೀವು! ಮುಂದಿನ ವರ್ಷಕ್ಕೆ ನಮ್ಮದೊಂದು ಕ್ಯಾಲೆಂಡರ್ ಮಾಡಿಸ್ಬೇಕು. ಹನ್ನೆರಡು ಫೋಟೊ. ಶನಿವಾರ ಗಾಡಿ ಕಳಿಸ್ತೀನಿ, ಬಂದ್ಬಿಡಿ."

ಮಘಂಗ ಬೇಡ ಅನ್ನಬೇಕೆಂದು ಬಾಯಿ ತೆರೆದ. ಹೊರಗೆ ಬಂದ ಮಾತು "ಆಯ್ತು" ಅಂತ.

ಅವಳು ಹೋದ ಮೇಲೆ ಅವನಿಗೆ ಮೊದಲು ಹೊಳೆದದ್ದು ಆನೆಯ ಚಿಂತೆಯಲ್ಲ, ಚೀಲದ ಚಿಂತೆ. ಅವನ ಎರಡು ಕ್ಯಾಮೆರಾ, ಮೂರು ಲೆನ್ಸು, ಫ್ಲಾಶು ಎಲ್ಲ ಇದ್ದದ್ದು ಬೋರ್ಡಿಂಗ್ ಶಾಲೆಗೆ ಹೋಗುವಾಗ ಅಪ್ಪ ಕೊಡಿಸಿದ್ದ ತಗಡಿನ ಪೆಟ್ಟಿಗೆಯಲ್ಲಿ. ಅದನ್ನು ಎತ್ತಲು ಇಬ್ಬರು ಬೇಕು. ಎತ್ತಿದರೆ ಚರ್ಚಿನ ಗಂಟೆಯಂತೆ ಸದ್ದು ಮಾಡುತ್ತಿತ್ತು. ಮದುವೆ ಮನೆಗಾದರೆ ಸರಿ. ಕಾಡಿನಲ್ಲಿ ಆ ಪೆಟ್ಟಿಗೆ ಕೆಳಗಿಟ್ಟರೆ ಆನೆಗಳು ಗಡಿ ದಾಟಿ ತಾಂಜಾನಿಯಾ ಸೇರುತ್ತವೆ.

ಚೀಲ ಕೊಳ್ಳಬೇಕೆಂದು ಅಕ್ಕ ವಕೇಶೊಗೆ ಹೇಳಿದ. ಅದು ಅವನು ಮಾಡಿದ ಮೊದಲ ತಪ್ಪು. ವಕೇಶೊ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದು ಹಿಂದಿನ ವರ್ಷವಷ್ಟೇ ನಿವೃತ್ತಳಾಗಿದ್ದಳು. ಆಸ್ಪತ್ರೆ ಅವಳನ್ನು ಬಿಟ್ಟರೂ ಅವಳು ಊರಿನ ಮೂಳೆಗಳನ್ನು ಬಿಟ್ಟಿರಲಿಲ್ಲ. ದಾರಿಯಲ್ಲಿ ಹೋಗುವವರನ್ನು ಹೆಸರಿನಿಂದಲ್ಲ, ಮುರಿದ ಮೂಳೆಯಿಂದ ಗುರುತಿಸುತ್ತಿದ್ದಳು.

"ಚೀಲ ಅಂದ್ರೆ ಹುಡುಗಾಟ ಅಲ್ಲ ಕಣೋ. ಬೆನ್ನಿನ ವಿಷಯ," ಎಂದಳು. "ಭಾರ ಸೊಂಟದ ಮೇಲೆ ಕೂರ್ಬೇಕು, ಭುಜದ ಮೇಲಲ್ಲ. ನಾನೂ ಬರ್ತೀನಿ."

"ಬೇಡ ಅಕ್ಕಾ, ನಾನೇ ನೋಡ್ಕೋತೀನಿ."

"ನೀನು ನೋಡ್ಕೊಳ್ಳೋದು ಗೊತ್ತು. ಹೋದ ವರ್ಷ ಚಪ್ಪಲಿ ತಂದ್ಯಲ್ಲ, ಎರಡೂ ಎಡಗಾಲಿಂದು."

ಇಬ್ಬರೂ ಹೊರಟರು.

ಹಳೆಯ ಬಟ್ಟೆ, ಹಳೆಯ ಬೂಟು, ಹಳೆಯ ಚೀಲಗಳ ಸಂತೆಯಲ್ಲಿ ಮುಸೆಂಬಿಯ ಅಂಗಡಿಯೇ ದೊಡ್ಡದು. ಹಗ್ಗಕ್ಕೆ ನೇತುಬಿದ್ದ ಚೀಲಗಳ ನಡುವೆ ಅವನೊಂದು ಬಾವಲಿಯಂತೆ ಇಣುಕಿದ.

"ಬನ್ನಿ ಅಣ್ಣ, ಬನ್ನಿ ಅಮ್ಮ! ಎಂಥದು ಬೇಕು?"

"ಅಮ್ಮ ಅಂತೀಯಾ? ನಿನಗಿಂತ ಎರಡು ವರ್ಷಕ್ಕೆ ದೊಡ್ಡೋಳಿರ್ಬೋದು ಅಷ್ಟೆ. ಅಕ್ಕ ಅನ್ನು," ಎಂದಳು ವಕೇಶೊ. ಮುಸೆಂಬಿಗೆ ಮೂವತ್ತು ದಾಟಿರಲಿಲ್ಲ. ಆದರೆ ವ್ಯಾಪಾರಿ. "ತಪ್ಪಾಯ್ತು ತಂಗಿ," ಎಂದುಬಿಟ್ಟ. ಅವಳಿಗೆ ಅವನ ಮೇಲೆ ಅರ್ಧ ಪ್ರೀತಿ ಅಲ್ಲೇ ಹುಟ್ಟಿತು.

ಮೊದಲು ತೋರಿಸಿದ್ದು ಕೆಂಪು ಚೀಲ. ಒಳಗೆ ಕೈ ಹಾಕಿದಾಗ ಒಂಟಿ ಉಣ್ಣೆಯ ಕಾಲುಚೀಲವೂ ಕಲ್ಲಿನಂತೆ ಒಣಗಿದ ಕಂದು ಬಣ್ಣದ್ದೊಂದು ವಸ್ತುವೂ ಸಿಕ್ಕವು. ವಕೇಶೊ ಅದನ್ನು ಮೂಸಿ ನೋಡಿದಳು.

"ಇದೇನು? ಬ್ರೆಡ್ಡಾ?"

"ಅದನ್ನೂ ಸೇರಿಸಿ ಕೊಡ್ತೀನಿ, ಅದಕ್ಕೆ ಬೇರೆ ದುಡ್ಡಿಲ್ಲ," ಎಂದ ಮುಸೆಂಬಿ ಉದಾರವಾಗಿ.

ಎರಡನೆಯದಕ್ಕೆ ಚಕ್ರಗಳಿದ್ದವು. ಎಳೆದುಕೊಂಡು ಹೋಗಬಹುದು, ಬೆನ್ನಿಗೆ ಭಾರವೇ ಇಲ್ಲ ಎಂದು ಮುಸೆಂಬಿ ಹೊಗಳಿದ. ಮಘಂಗ ಎಳೆದ. ವೋಯಿಯ ಕೆಂಪು ಮರಳಿನಲ್ಲಿ ಚಕ್ರ ತಿರುಗಲಿಲ್ಲ. ಹಿಂದೆ ಎರಡು ನೇರ ಸಾಲು ಮೂಡಿದವು.

"ಚೆನ್ನಾಗಿದೆ. ಹಿಂದಿಂದ ನಾನು ಜೋಳ ಬಿತ್ಕೊಂಡು ಬರ್ತೀನಿ," ಎಂದಳು ವಕೇಶೊ.

ಮೂರನೆಯದು ಹಸಿರು, ಹರಿದಿತ್ತು.

"ಹರಿದಿಲ್ಲ, ಅನುಭವ ಇದೆ. ಈ ಚೀಲ ಕಿಲಿಮಂಜಾರೊ ಹತ್ತಿ ಬಂದಿದೆ."

"ಹೊತ್ಕೊಂಡು ಹೋದೋನೆಲ್ಲಿ?"

"ಅವನಿನ್ನೂ ಇಳೀತಾ ಇದಾನೆ."

ಅಷ್ಟರಲ್ಲಿ ಮಘಂಗನ ಕಣ್ಣು ಮೇಲೆ ಹೋಯಿತು. ಎಲ್ಲಕ್ಕಿಂತ ಎತ್ತರದಲ್ಲಿ, ದೂಳು ತಾಕದಂತೆ ಪ್ಲಾಸ್ಟಿಕ್ ಹೊದಿಸಿ, ಒಂದು ಚೀಲ ತೂಗುತ್ತಿತ್ತು. ಕಡುನೀಲಿ ಮೈ, ಕರಿ ಪಟ್ಟಿ. ನೈರೋಬಿಯಿಂದ ಪ್ರವಾಸಿಗರ ಜತೆ ಬರುವ ದೊಡ್ಡ ಫೋಟೊಗ್ರಾಫರುಗಳ ಬೆನ್ನಿನ ಮೇಲೆ ಇಂಥದ್ದನ್ನೇ ಅವನು ನೋಡಿದ್ದು. ಮುಸೆಂಬಿ ಕೋಲು ಹಾಕಿ ಇಳಿಸಿದ. ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಅಗಲವಾದ ಪಟ್ಟಿ, ಒಳಗೆ ಮೆತ್ತನೆಯ ಖಾನೆಗಳು, ಮಳೆ ಬಂದರೆ ಎಳೆದುಕೊಳ್ಳಲು ಟೊಪ್ಪಿ. ಮತ್ತೆ ಜಿಪ್ಪು. ಎಡಕ್ಕೆ, ಬಲಕ್ಕೆ, ಅಡಿಗೆ, ಜಿಪ್ಪಿನೊಳಗೆ ಜಿಪ್ಪು. ಮಘಂಗ ಎಣಿಸಿದ. ಇಪ್ಪತ್ತೇಳು.

"ಇದೇ," ಎಂದ. ಅವನ ದನಿ ಮದುಮಗನ ದನಿಯಂತೆ ನಡುಗಿತು.

"ತಡಿಯೋ. ಹೊರದೆ ಹೆಂಗೆ ಗೊತ್ತಾಗುತ್ತೆ?" ಎಂದು ವಕೇಶೊ ಪಕ್ಕದ ಆಲೂಗಡ್ಡೆ ಮಾರುವವಳತ್ತ ತಿರುಗಿದಳು. "ನಿನ್ನ ಕ್ಯಾಮೆರಾ ಸಾಮಾನೆಲ್ಲ ಎಷ್ಟು ತೂಗುತ್ತೋ ತಮ್ಮ?"

"ಹತ್ತು ಕಿಲೊ ಇರ್ಬೋದು."

"ತಾಯಿ, ಹತ್ತು ಕಿಲೊ ಆಲೂಗಡ್ಡೆ ಎರವಲು ಕೊಡು, ಹಂಗೇ ವಾಪಸ್ ಕೊಡ್ತೀವಿ."

ಆಲೂಗಡ್ಡೆಯ ಹೆಂಗಸು ಬೇಜಾರಾಗಿ ಕೂತಿದ್ದವಳು. ತಮಾಷೆ ಸಿಕ್ಕೀತೆಂದು ತೂಗಿಕೊಟ್ಟಳು. ಚೀಲ ತುಂಬಿತು. ಮಘಂಗ ಬೆನ್ನಿಗೇರಿಸಿದ. ವಕೇಶೊ ಪಟ್ಟಿಗಳನ್ನು ಪ್ಲಾಸ್ಟರ್ ಸುತ್ತುವ ಕೈಯಲ್ಲೇ ಬಿಗಿದಳು.

"ಬಗ್ಗು. ಏಳು. ಕುಕ್ಕರುಗಾಲಲ್ಲಿ ಕೂರು. ಆ ಪೆಟ್ಟಿಗೆ ಮೇಲೆ ಹತ್ತು. ನೆಗಿ."

ಅವನು ನೆಗೆದ. ಸುತ್ತ ಜನ ಸೇರಿದರು. ಮೇಸ್ತ್ರಿಯೊಬ್ಬ ಚೀಲ ಇನ್ನೊಂದು ಗೇಣು ಮೇಲಿರಬೇಕು ಅಂದ. ಬೈಬಲ್ ಹಿಡಿದಿದ್ದವನೊಬ್ಬ ಭಾರ ಹೊತ್ತವರಿಗೆಲ್ಲ ವಿಶ್ರಾಂತಿ ಇದೆ ಅಂದ.

"ಈಗ ಓಡು," ಎಂದಳು ವಕೇಶೊ.

"ಎಲ್ಲಿಗೆ?"

"ಸಿಂಹ ಬಂದ್ರೆ ಎಲ್ಲಿಗೆ ಅಂತ ಕೇಳ್ತೀಯಾ? ಓಡು!"

ಮಘಂಗ ರಸ್ತೆಯತ್ತ ಓಡಿದ. ಅದೇ ಹೊತ್ತಿಗೆ ಮ್ವಾತಾತೆ ಕಡೆ ಹೋಗುವ ಮಟಾಟು ವ್ಯಾನೊಂದು ನಿಲ್ದಾಣದಿಂದ ಹೊರಟಿತು. ಬಾಗಿಲಲ್ಲಿ ಜೋತಾಡುತ್ತಿದ್ದ ಕಂಡಕ್ಟರಿಗೆ, ಬೆನ್ನ ಮೇಲೆ ದೊಡ್ಡ ಚೀಲ ಹೊತ್ತು ತಮ್ಮ ಗಾಡಿಯ ಹಿಂದೆ ಏದುಸಿರು ಬಿಡುತ್ತ ಓಡಿಬರುತ್ತಿರುವವನು ಕಂಡ. ಅವನು ಕರುಣಾಳು. ಕೈ ಚಾಚಿ, ಕಾಲರು ಹಿಡಿದು, ಮಘಂಗನನ್ನು ಆಲೂಗಡ್ಡೆ ಸಮೇತ ಒಳಗೆ ಎಳೆದುಕೊಂಡುಬಿಟ್ಟ.

"ಇಳ್ಸಿ! ನಾನು ಪ್ರಯಾಣಿಕ ಅಲ್ಲ!"

"ಹತ್ತೋವಾಗ ಎಲ್ರೂ ಪ್ರಯಾಣಿಕ್ರೇ, ದುಡ್ಡು ಕೇಳ್ದಾಗಲೇ ಯಾರೂ ಅಲ್ಲ," ಎಂದ ಕಂಡಕ್ಟರು.

ಸಂತೆಯಲ್ಲಿ ಮುಸೆಂಬಿ "ಕಳ್ಳ! ಕಳ್ಳ!" ಎಂದು ಬಾಯಿ ಬಡಿದುಕೊಂಡ. ಆಲೂಗಡ್ಡೆಯ ಹೆಂಗಸು ವಕೇಶೊಳ ಸೆರಗಿನಂತೆ ಇಳಿಬಿದ್ದ ಲೇಸೊ ಬಟ್ಟೆಯ ತುದಿಯನ್ನು ಗಟ್ಟಿಯಾಗಿ ಹಿಡಿದು ಕೂತಳು. ವಕೇಶೊ ಮಾತ್ರ ಅಲುಗಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಮಘಂಗ ಬಾಡಿಗೆ ಬೈಕಿನ ಹಿಂದೆ ಕೂತು, ದೂಳಿನಲ್ಲಿ ಕೆಂಪಾಗಿ ವಾಪಸು ಬಂದ. ಅವಳು ಮೊದಲು ಆಲೂಗಡ್ಡೆ ತೂಗಿಸಿದಳು. ಸರಿಯಾಗಿ ಹತ್ತು ಕಿಲೊ.

"ಓಡಿದ, ಎಳಸ್ಕೊಂಡ, ಬಿದ್ದ, ಬೈಕಲ್ಲಿ ಕುಣಿದ. ಒಂದು ಗಡ್ಡೆ ಉದುರಿಲ್ಲ. ಬೆನ್ನು ನೋಯ್ತಿದ್ಯೇನೋ?"

"ಬೆನ್ನಲ್ಲ. ಮಾನ ನೋಯ್ತಿದೆ."

"ಅದಕ್ಕೆ ನಮ್ಮ ವಾರ್ಡಲ್ಲಿ ಮದ್ದಿಲ್ಲ. ಈ ಚೀಲ ಕೊಡಪ್ಪ ಮುಸೆಂಬಿ."

ಹೀಗೆ ಚೀಲ ಮನೆಗೆ ಬಂತು. ಅದಕ್ಕೆ ಒಪ್ಪುವಂತೆ ಮಘಂಗ ಒಂದು ಕಡುನೀಲಿ ಪ್ಯಾಂಟನ್ನೂ ಕೊಂಡ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ವಕೇಶೊ ಆಡಿಕೊಂಡಳು. ಎರಡು ದಿನ ಅವನು ಖಾನೆಗಳಲ್ಲಿ ಸಾಮಾನು ಜೋಡಿಸಿದ, ತೆಗೆದ, ಮತ್ತೆ ಜೋಡಿಸಿದ. ಬ್ಯಾಟರಿ ಇಟ್ಟ ಜಿಪ್ಪು ಯಾವುದೆಂದು ಮರೆತು ಒಂದು ಮಧ್ಯಾಹ್ನವೆಲ್ಲ ಹುಡುಕಿದ. ಕೊನೆಗೆ ಒಂದರಿಂದ ಇಪ್ಪತ್ತೇಳರವರೆಗೆ ಮನಸ್ಸಿನಲ್ಲೇ ನಂಬರು ಕೊಟ್ಟು, ಯಾವುದರಲ್ಲಿ ಏನಿದೆ ಎಂದು ದುಂಡಗಿನ ಅಕ್ಷರದಲ್ಲಿ ಪಟ್ಟಿ ಬರೆದ. ಪಟ್ಟಿಯನ್ನು ಜೋಪಾನವಾಗಿ ಒಂದು ಜಿಪ್ಪಿನೊಳಗೆ ಇಟ್ಟ.

ಶನಿವಾರ ಬೆಳಿಗ್ಗೆ ಮಲೆಂಬಳ ಗಾಡಿ ಬಂತು. ಓಡಿಸುವವನು ಕೊಮೋರ, ತಾನಾ ನದಿಯ ಕಡೆಯವನು, ಮಾತು ಕಮ್ಮಿ. ಗಾಡಿಯ ಮುಂದಿನ ಸೀಟಿನಲ್ಲಿ ವಕೇಶೊ ಆಗಲೇ ಕೂತಿದ್ದಳು, ಮಡಿಲಲ್ಲಿ ಮಹಂರಿ ಎಂಬ ಕರಿದ ಸಿಹಿ ರೊಟ್ಟಿಯ ಪೊಟ್ಟಣ.

"ನೀನ್ಯಾಕೆ ಅಕ್ಕಾ?"

"ಮಹಂರಿ ಬಿಸಿ ಇದೆ, ತಿನ್ನು," ಎಂದಳು. ಅದರ ಅರ್ಥ ಮಾತು ಮುಗಿಯಿತು ಅಂತ.

ಕೊಮೋರ ಚೀಲವನ್ನು ನೋಡಿದ. ಮಘಂಗನ ಪ್ಯಾಂಟನ್ನು ನೋಡಿದ. ಮತ್ತೆ ಚೀಲ ನೋಡಿದ. ಏನೋ ಹೇಳಲು ಹೊರಟು, ಇದು ಪೇಟೆಯವರ ಫ್ಯಾಷನ್ನು ಇರಬೇಕೆಂದು ಸುಮ್ಮನಾಗಿ ಗಾಡಿ ಹೊರಡಿಸಿದ.

ಕಾಡಿನ ದಾರಿಯಲ್ಲಿ ಒಂದು ಗಂಟೆ ಸುಖವಾಗಿ ಕಳೆಯಿತು. ನದಿ ಹತ್ತಿರವಾದಂತೆ ಗಿಡಗಂಟಿ ದಟ್ಟವಾಯಿತು. ಮೊದಲು ಒಂದು ನೊಣ ಬಂತು. ಮಘಂಗನ ತೊಡೆಯ ಮೇಲೆ ಕೂತು ಪ್ಯಾಂಟಿನ ಮೇಲಿಂದಲೇ ಕಚ್ಚಿತು. ಅವನು ಸೀಟಿನಿಂದ ಒಂದು ಗೇಣು ಮೇಲೆದ್ದ. ಆಮೇಲೆ ನಾಲ್ಕು ಬಂದವು. ಆಮೇಲೆ ಎಣಿಸುವುದನ್ನು ಬಿಟ್ಟ.

"ಮ್ಬುಂಗೊ," ಎಂದ ಕೊಮೋರ. ಕಾಡಿನ ಕಚ್ಚುನೊಣ.

"ಇವಕ್ಕೆ ನನ್ನ ಮೇಲೇ ಯಾಕೆ ದ್ವೇಷ? ಅಕ್ಕನ ಹತ್ರ ಒಂದೂ ಹೋಗ್ತಿಲ್ಲ!"

"ನಾನು ನರ್ಸು. ಚುಚ್ಚೋದ್ರಲ್ಲಿ ನಾನೇ ಹಿರಿಯಳು ಅಂತ ಅವಕ್ಕೂ ಗೊತ್ತು," ಎಂದಳು ವಕೇಶೊ.

ಕೊಮೋರ ಗಾಡಿ ನಿಧಾನ ಮಾಡಿ ಒಂದು ಮರದತ್ತ ಕೈ ತೋರಿದ. ಅಲ್ಲೊಂದು ಬಟ್ಟೆಯ ಡಬ್ಬದಂಥದ್ದು ನೇತಾಡುತ್ತಿತ್ತು, ಮೇಲೆ ಬಲೆ.

"ಅದೇನು ಗೊತ್ತಾ ಅಣ್ಣ? ಮ್ಬುಂಗೊ ಹಿಡಿಯೋಕೆ ಕಟ್ಟಿರೋ ಬೋನು. ಅವಕ್ಕೆ ಎರಡು ಬಣ್ಣ ಕಂಡ್ರೆ ಪ್ರಾಣ. ದೂರದಿಂದ ಹಾರ್ಕೊಂಡು ಬರ್ತವೆ. ಬಣ್ಣ ನೋಡಿ."

ಮಘಂಗ ನೋಡಿದ. ಕಡುನೀಲಿ ಬಟ್ಟೆ. ಕರಿ ಪಟ್ಟಿ.

ವಕೇಶೊ ನಗಲು ಶುರುಮಾಡಿದಳು. ನಕ್ಕು ನಕ್ಕು ಮಹಂರಿ ನೆತ್ತಿಗೇರಿ ಕೆಮ್ಮಿದಳು. "ಅಯ್ಯೋ ತಮ್ಮ... ನೊಣಗಳ ಮದುವೆಗೆ... ಚಪ್ಪರ ಹೊತ್ಕೊಂಡು ಬಂದಿದೀಯಲ್ಲೋ!"

"ಬೆಳಿಗ್ಗೆನೇ ಹೇಳೋಕೆ ನಿಮ್ಗೇನಾಗಿತ್ತು?" ಎಂದು ಮಘಂಗ ಕೊಮೋರನ ಮೇಲೆ ಹರಿಹಾಯ್ದ.

"ನೊಣದ ಫೋಟೊ ತೆಗೆಯೋಕೆ ಬಂದಿದೀರೇನೋ ಅಂದ್ಕೊಂಡೆ," ಎಂದ ಕೊಮೋರ, ನಿಜವಾಗಿಯೂ ಹಾಗೆ ಅಂದುಕೊಂಡಿದ್ದವನಂತೆ.

ಗಾಡಿಯಿಂದ ಇಳಿಯಲು ಅಪ್ಪಣೆ ಇರುವ ಬಂಡೆಗಳ ದಂಡೆ ತಲುಪುವಷ್ಟರಲ್ಲಿ ಚೀಲದ ಮೇಲೆ ನೊಣಗಳದೊಂದು ಹೊದಿಕೆಯೇ ಆಗಿತ್ತು. ಕೊಮೋರ ಅದನ್ನು ಹಗ್ಗದಿಂದ ಎಳೆದು ದೂರದ ಬಂಡೆಯ ಮೇಲಿಟ್ಟ. ಮಘಂಗನಿಗೆ ಉಳಿದದ್ದು ಕೊರಳಲ್ಲಿದ್ದ ಒಂದು ಕ್ಯಾಮೆರಾ, ಅದಕ್ಕೆ ಮದುವೆ ಮನೆಯ ಗಿಡ್ಡ ಲೆನ್ಸು, ಮತ್ತು ಪ್ಯಾಂಟಿನೊಳಗಿನ ಉರಿ.

"ಪ್ಯಾಂಟ್ ಬಿಚ್ಚು," ಎಂದಳು ಅಕ್ಕ.

"ಏನು?"

"ನಿನಗೆ ಉಚ್ಚೆ ಬಟ್ಟೆ ಬದಲಾಯಿಸಿದೋಳು ನಾನು. ನನ್ನ ಹತ್ರ ಏನೋ ನಾಚಿಕೆ? ಬಿಚ್ಚಿ ಅತ್ತ ಎಸಿ, ನೊಣ ಅದರ ಹಿಂದೆ ಹೋಗುತ್ತೆ. ತಗೋ, ಇದನ್ನ ಸುತ್ಕೋ."

ಹೆಗಲ ಮೇಲಿದ್ದ ಹಳದಿ ಲೇಸೊವನ್ನು ಕೊಟ್ಟಳು. ಬೇರೆ ದಾರಿಯಿರಲಿಲ್ಲ. ಪೊದೆಯ ಮರೆಯಲ್ಲಿ ಪ್ಯಾಂಟು ಹಾರಿಹೋಯಿತು, ನೊಣಗಳೂ ಅದರ ಜತೆ ಹಾರಿದವು. ಮಘಂಗ ಲೇಸೊ ಸುತ್ತಿಕೊಂಡು ಈಚೆ ಬಂದ. ಎಲ್ಲ ಲೇಸೊಗಳಂತೆ ಅದರ ಅಂಚಿನಲ್ಲೂ ಒಂದು ಮಾತು ಅಚ್ಚಾಗಿತ್ತು. ಅವನು ಸುತ್ತಿಕೊಂಡ ರೀತಿಗೆ ಆ ಮಾತು ಸರಿಯಾಗಿ ಹಿಂಭಾಗದ ಮೇಲೆ ಬಂದಿತ್ತು: "ಏನು ನೋಡ್ತೀಯಾ, ನಿನ್ನ ಮನೇಲಿ ಇಲ್ಲವಾ?"

ಆಗಲೇ ಆನೆಗಳು ಬಂದವು.

ನದಿಯ ಆಚೆ ದಡದ ಪೊದೆ ಸರಿದು, ಕೆಂಪು ಮಣ್ಣಿನ ಗುಡ್ಡಗಳೇ ನಡೆದು ಬಂದಂತೆ ಒಂದರ ಹಿಂದೊಂದು ಹನ್ನೊಂದು. ಮರಿಯೊಂದು ಮರಳಿನಲ್ಲಿ ಜಾರಿ ಕೂತೇ ನೀರಿಗಿಳಿಯಿತು. ಮಘಂಗನಿಗೆ ಉರಿ, ನಾಚಿಕೆ ಎಲ್ಲ ಮರೆತುಹೋಯಿತು. ಕ್ಯಾಮೆರಾ ಕಣ್ಣಿಗಿಟ್ಟ. ಗಿಡ್ಡ ಲೆನ್ಸಿನಲ್ಲಿ ಹನ್ನೊಂದು ಆನೆಗಳು ಹನ್ನೊಂದು ಹುರುಳಿಕಾಳಿನಂತೆ ಕಂಡವು.

"ಉದ್ದ ಲೆನ್ಸು! ಅಕ್ಕಾ, ಉದ್ದ ಲೆನ್ಸು ಚೀಲದಲ್ಲಿದೆ!"

ವಕೇಶೊ ತಲೆಗೆ ಬಟ್ಟೆ ಬಿಗಿದು ಬಂಡೆಯತ್ತ ನಡೆದಳು. ನೊಣಗಳ ನಡುವೆ ಕೈ ಹಾಕಿದಳು.

"ಯಾವ ಜಿಪ್ಪೋ?"

"ಹದಿನಾಲ್ಕು!"

"ಹದಿನಾಲ್ಕು ಎಲ್ಲಿಂದ ಎಣಿಸ್ಲಿ? ಮೇಲಿಂದಲೋ, ಕೆಳಗಿಂದಲೋ?"

"ಎಡಗಡೆ ದೊಡ್ಡದು ಇದ್ಯಲ್ಲ, ಅದರೊಳಗಿನ ಚಿಕ್ಕದರ ಪಕ್ಕದ್ದು!"

ಅವಳು ಎಳೆದಳು. ಛತ್ರಿ ಬಂತು. ಇನ್ನೊಂದು ಎಳೆದಳು. ಬಾಚಣಿಗೆ. "ಆನೆಗೆ ತಲೆ ಬಾಚ್ತೀಯೇನೋ?" ಮತ್ತೊಂದು. ಒಣ ಕಾಲುಚೀಲ, ಟಾರ್ಚು, ನೆಗಡಿ ಗುಳಿಗೆ.

"ಪಟ್ಟಿ ಇದೆ! ಪಟ್ಟಿ ನೋಡು!"

"ಪಟ್ಟಿ ಎಲ್ಲಿದೆ?"

"...ಜಿಪ್ಪಲ್ಲಿದೆ."

ಆನೆಗಳು ನೀರು ಕುಡಿದವು. ಒಂದರ ಮೇಲೊಂದು ನೀರೆರಚಿದವು. ಕ್ಯಾಲೆಂಡರಿಗೆ ಏನೇನು ಬೇಕೋ ಎಲ್ಲವನ್ನೂ ಸಾವಕಾಶವಾಗಿ ಮಾಡಿದವು. ವಕೇಶೊ ಇಪ್ಪತ್ತನೆಯ ಜಿಪ್ಪಿಗೆ ಬಂದಿದ್ದಳು. ನೊಣ ಕಚ್ಚಿದಾಗಲೆಲ್ಲ ಅದಕ್ಕೊಂದು ಬೈಗುಳ, ತಮ್ಮನಿಗೊಂದು ಬೈಗುಳ. ಇಪ್ಪತ್ತೆರಡನೆಯದರಲ್ಲಿ ಲೆನ್ಸು ಸಿಕ್ಕಿತು. ಅವಳು ಅದನ್ನು ಮಗುವಿನಂತೆ ಎದೆಗವಚಿಕೊಂಡು ಓಡಿ ಬಂದಳು. ಮಘಂಗ ತಿರುಪಿ ಹಾಕಿ ಕಣ್ಣಿಗಿಡುವಷ್ಟರಲ್ಲಿ ಆನೆಗಳು ಸ್ನಾನ ಮುಗಿಸಿ ಹಿಂದಿರುಗಿದ್ದವು. ಹನ್ನೊಂದು ಕೆಂಪು ಹಿಂಭಾಗಗಳು, ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ, ಹನ್ನೊಂದು ಬಾಲಗಳೂ ಒಂದೇ ಕಡೆಗೆ ಬೀಸಿ ದಡ ಹತ್ತುತ್ತಿದ್ದವು. ಅವನು ಗುಂಡಿ ಒತ್ತಿದ. ಅಷ್ಟೇ ಸಿಕ್ಕಿದ್ದು.

ಹಿಂದೆ ಕ್ಲಿಕ್ಕು ಕ್ಲಿಕ್ಕು ಎಂಬ ಸದ್ದಾಯಿತು. ತಿರುಗಿದರೆ ಪ್ರವಾಸಿಗರ ಗಾಡಿಯೊಂದು ನಿಂತಿದೆ. ಎಂಟು ಕ್ಯಾಮೆರಾಗಳು, ಎಂಟೂ ಅವನ ಲೇಸೊದ ಕಡೆ. ಗೈಡು ಅದರ ಮೇಲಿನ ಬರಹವನ್ನು ಅವರ ಭಾಷೆಯಲ್ಲಿ ಬಿಡಿಸಿ ಹೇಳುತ್ತಿದ್ದ. ಅವರೆಲ್ಲ ತಲೆದೂಗಿ, ಇದು ಬಹಳ ಹಳೆಯ ಗಾದೆ ಇರಬೇಕೆಂದು ಬರೆದುಕೊಳ್ಳುತ್ತಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಡೇರೆಗಳ ವಸತಿ ಸೇರಿದರು. ಚೀಲವನ್ನು ಗಾಡಿಯೊಳಗೆ ಇಟ್ಟುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಕ್ಯಾಮೆರಾ ಸಾಮಾನನ್ನೆಲ್ಲ ಬುಟ್ಟಿಗೆ ಸುರಿದುಕೊಂಡು, ಖಾಲಿ ಚೀಲವನ್ನು ಕೊಮೋರ ಗಾಡಿಯ ಹಿಂದಿನ ಕಂಬಿಗೆ ಕಟ್ಟಿದ್ದ. ಇಳಿದವನು ಅಲ್ಲೇ ನಿಂತು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಏನಾಯ್ತು ಕೊಮೋರ?" ಎಂದಳು ಎದುರಿಗೆ ಬಂದ ಮಲೆಂಬ.

"ಹನ್ನೆರಡು ವರ್ಷದಿಂದ ಈ ದಾರೀಲಿ ಓಡಿಸ್ತಿದೀನಿ ಅಮ್ಮಾವ್ರೇ. ಒಂದು ಕೈ ಚಕ್ರಕ್ಕೆ, ಒಂದು ಕೈ ನೊಣಕ್ಕೆ. ಇವತ್ತು ಎರಡೂ ಕೈಲಿ ಓಡಿಸ್ದೆ. ಒಳಗೆ ಒಂದೂ ಬರ್ಲಿಲ್ಲ. ಎಲ್ಲ ಅದರ ಮೇಲಿದಾವೆ."

ಅಷ್ಟುದ್ದದ ಮಾತನ್ನು ಕೊಮೋರನ ಬಾಯಲ್ಲಿ ಅಲ್ಲಿ ಯಾರೂ ಕೇಳಿರಲಿಲ್ಲ. ಮಲೆಂಬ ಚೀಲದ ಸುತ್ತ ಒಂದು ಸುತ್ತು ಬಂದಳು. ಅವಳ ಅತಿಥಿಗಳು ದೂರು ಪುಸ್ತಕದಲ್ಲಿ ಬರೆಯುವುದು ಒಂದೇ ವಿಷಯ: ಆನೆ ಚೆನ್ನಾಗಿತ್ತು, ನೊಣ ಕಚ್ಚಿತು.

"ಮಘಂಗ ಅವ್ರೇ, ಈ ಚೀಲ ನನಗೆ ಮಾರ್ತೀರಾ?"

ಮಘಂಗ "ಹೂಂ" ಅನ್ನುವ ಮೊದಲೇ ವಕೇಶೊ ಅವನ ಕಾಲು ತುಳಿದಳು.

"ಮಾರೋದಾ? ಅಯ್ಯೋ ತಾಯಿ, ಅದು ಅವನ ಪ್ರಾಣ. ಎಷ್ಟು ಹುಡುಕಿ ತಂದಿದ್ದು ಗೊತ್ತಾ! ಅದಕ್ಕೆ ಅಂತ ಒಂದು ಮಟಾಟು ಹಿಂದೆ ಓಡಿದಾನೆ."

"ಎಷ್ಟಾದ್ರೂ ಸರಿ, ಹೇಳಿ."

"ದುಡ್ಡು ಬೇಡ. ಎರಡು ದಿನ ನದಿ ಕಡೆ ಮುಖ ಇರೋ ಡೇರೆಲಿ ನಮ್ಮನ್ನ ಇಟ್ಕೊಳ್ಳಿ. ಇವನು ಮಿಕ್ಕ ಹನ್ನೊಂದು ಫೋಟೊ ತೆಗೀಲಿ. ಮತ್ತೆ ಇವನಿಗೊಂದು ಚೀಲ ಬೇಕು, ನೊಣಕ್ಕೆ ಬೇಡವಾದದ್ದು."

ಮಲೆಂಬ ಒಪ್ಪಿದಳು. ವಸತಿಯಲ್ಲಿ ಡೇರೆಗಳ ಹರುಕು ಹೊಲಿಯುವ ರೀಘ ಎಂಬ ಮುದುಕನಿದ್ದ. ಅವನನ್ನು ಕರೆಸಿದಾಗ ವಕೇಶೊ ಕಣ್ಣು ಕಿರಿದು ಮಾಡಿ ಅವನ ಕೈ ನೋಡಿದಳು.

"ಈ ಮೊಣಕೈ ನಮ್ಮ ವಾರ್ಡಿಂದು! ಮಾವಿನ ಮರದಿಂದ ಬಿದ್ದದ್ದು, ಹೌದಾ?"

"ಸಿಸ್ಟರ್!" ಎಂದು ರೀಘ ಹೌಹಾರಿ ಕೈ ಬೆನ್ನ ಹಿಂದೆ ಅಡಗಿಸಿಕೊಂಡ. "ಆಗ ಎಳೆದ್ರಲ್ಲ, ಇನ್ನೂ ಕನಸಲ್ಲಿ ಬರುತ್ತೆ."

"ಕೂಡಿದ್ಯಲ್ಲ? ಹಂಗಾದ್ರೆ ನನ್ನ ತಮ್ಮನಿಗೆ ಚೀಲ ಹೊಲಿ."

ರೀಘ ಮಘಂಗನನ್ನು ಕೂರಿಸಿಕೊಂಡು, ಅವನ ಸಾಮಾನನ್ನೆಲ್ಲ ಚಾಪೆಯ ಮೇಲೆ ಹರಡಿಸಿದ. ಎಷ್ಟು ಜಿಪ್ಪು ಬೇಕು, ಯಾವ ಬಣ್ಣ ಬೇಕು ಎಂದೇನೂ ಕೇಳಲಿಲ್ಲ.

"ಪ್ರಾಣಿ ಎದುರಿಗೆ ಬಂತು ಅಂತ ಇಟ್ಕೊ. ಮೊದಲು ಕೈಗೆ ಏನು ಬೇಕು?"

ಮಘಂಗ ಯೋಚಿಸಿದ. ಆ ಪ್ರಶ್ನೆಯನ್ನು ಮುಸೆಂಬಿ ಕೇಳಿರಲಿಲ್ಲ, ಅಕ್ಕ ಕೇಳಿರಲಿಲ್ಲ, ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ. "ಉದ್ದ ಲೆನ್ಸು," ಎಂದ.

"ಆಮೇಲೆ?"

"ಬ್ಯಾಟರಿ."

"ಆಮೇಲೆ?"

ಮಘಂಗ ಛತ್ರಿಯ ಕಡೆ, ಬಾಚಣಿಗೆಯ ಕಡೆ ನೋಡಿದ. "ಸದ್ಯಕ್ಕೆ ಅಷ್ಟೇ ಅನ್ಸುತ್ತೆ."

ಸಂಜೆಯೊಳಗೆ ರೀಘ ಹಳೆಯ ಡೇರೆಯ ದಪ್ಪ ಬಟ್ಟೆಯಲ್ಲಿ ಒಂದು ಚೀಲ ಹೊಲಿದ. ಒಣಗಿದ ಹುಲ್ಲಿನ ಬಣ್ಣ, ಒಳಗೆ ಹಳೆ ಹಾಸಿಗೆಯಿಂದ ಕತ್ತರಿಸಿದ ಮೆತ್ತೆ, ಮೇಲೆ ದೂಳು ನುಗ್ಗದಂತೆ ಆಳವಾಗಿ ಮುಚ್ಚುವ ಒಂದೇ ಮಡಿಕೆ. ವಕೇಶೊ ಸೊಂಟದ ಪಟ್ಟಿಯ ಅಳತೆಯನ್ನು ತಾನೇ ಕೊಟ್ಟಳು. ನಾಲ್ಕು ಸಲ ಬಿಚ್ಚಿಸಿ ಹೊಲಿಸಿದಳು. ನೋಡಲು ಕತ್ತೆಯ ಮೇವಿನ ಚೀಲದಂತಿತ್ತು. ಮಘಂಗ ಬೆನ್ನಿಗೇರಿಸಿ ನಡೆದು ನೋಡಿದ. ಯಾರೂ ತಿರುಗಿ ನೋಡಲಿಲ್ಲ. ಒಂದು ನೊಣವೂ ಸಹ.

ಆ ಎರಡು ದಿನದಲ್ಲಿ ಅವನು ಜಿರಾಫೆ ತೆಗೆದ, ಮೊಸಳೆ ತೆಗೆದ, ಎರಡು ದಿನವೂ ಒಂದೇ ಮರದ ಕೆಳಗೆ ಮಲಗಿದ್ದ ಸಿಂಹವನ್ನು ತೆಗೆದ. ವಕೇಶೊ ಡೇರೆಯ ಮುಂದೆ ಕಾಲು ಚಾಚಿ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತೇನೆ ಅಂದಿದ್ದಳು. ಮೊದಲ ದಿನ ಅಡುಗೆಯವನ ಮಂಡಿ ನೋಡಿದಳು. ಎರಡನೆಯ ದಿನ ಅವಳ ಡೇರೆಯ ಮುಂದೆ ಕಾವಲುಗಾರರು, ತೋಟದವರು, ಬೆನ್ನು ಹಿಡಿದುಕೊಂಡ ಒಬ್ಬ ಜರ್ಮನ್ ಅತಿಥಿ, ಎಲ್ಲ ಸಾಲಾಗಿ ನಿಂತಿದ್ದರು. ತಿಂಗಳಿಗೊಂದು ಸಲ ಬಂದು ಹೋಗಬೇಕೆಂದು ಮಲೆಂಬ ಅವಳ ಕೈ ಹಿಡಿದು ಕೇಳಿಕೊಂಡಳು. ವಕೇಶೊ ಯೋಚಿಸುವಂತೆ ನಟಿಸಿದಳು.

ಫೋಟೊಗಳನ್ನು ನೋಡುವಾಗ ಮಲೆಂಬ ಹನ್ನೊಂದು ಹಿಂಭಾಗಗಳ ಫೋಟೊಗೆ ಬಂದು ನಿಂತಳು. ಮಘಂಗ ನಾಚಿ, ಅದು ತಪ್ಪಿ ಬಂದದ್ದು, ಅಳಿಸಿಬಿಡುತ್ತೇನೆ ಎಂದ.

"ಅಳಿಸಿದ್ರೆ ನೋಡಿ ಮತ್ತೆ! ಮುಖ ಎಲ್ಲರೂ ತಂದು ಕೊಡ್ತಾರೆ. ಇವು ಸ್ನಾನ ಮಾಡಿ ಮನೆಗೆ ಹೋಗ್ತಿರೋ ನನ್ನ ಅತ್ತೆ ಮನೆಯೋರ ಥರಾನೇ ಇದಾವೆ. ಇದು ಡಿಸೆಂಬರಿಗೆ. ಆಗ ಅವರೆಲ್ಲ ಬರ್ತಾರೆ."

ವಾಪಸು ಬರುವಾಗ ಗಾಡಿಯ ಹಿಂದೆ ನೀಲಿ ಚೀಲ ತೂಗಾಡುತ್ತಿತ್ತು, ಕಪ್ಪಗೆ ನೊಣ ಮುತ್ತಿಕೊಂಡು. ಒಳಗೆ ಗಾಳಿ ಹಿತವಾಗಿತ್ತು. ಕೊಮೋರ ಎರಡೂ ಕೈಯಲ್ಲಿ ಓಡಿಸುತ್ತ ಸಣ್ಣಗೆ ಗುನುಗುತ್ತಿದ್ದ. ಒಂದು ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿ ಗದ್ದದಿಂದಲೇ ತೋರಿಸಿದ. ಮುಳ್ಳುಮರದ ತುದಿಯಲ್ಲಿ ನವಿಲಿನ ಕೊರಳಂತೆ ಹೊಳೆಯುವ ಬೆನ್ನು, ಅರಿಸಿನದಂಥ ಎದೆಯ ಒಂದು ಹಕ್ಕಿ ಕೂತಿತ್ತು.

ಮಘಂಗ ಹಕ್ಕಿಯಿಂದ ಕಣ್ಣು ತೆಗೆಯದೆ ಮಡಿಲಿನ ಚೀಲದ ಮಡಿಕೆ ಸರಿಸಿದ. ಕೈ ನೇರವಾಗಿ ಉದ್ದ ಲೆನ್ಸಿನ ಮೇಲೆ ಹೋಯಿತು. ಎತ್ತಿದ, ತಿರುಪಿದ, ಕಣ್ಣಿಗಿಟ್ಟ. ಎಲ್ಲ ಒಂದೇ ಉಸಿರಿನಲ್ಲಿ. ಹಕ್ಕಿ ಅದಕ್ಕಿಂತ ಅರ್ಧ ಉಸಿರು ಮೊದಲು ಹಾರಿತ್ತು. ಆದರೂ ಅವನು ಗುಂಡಿ ಒತ್ತಿದ.

"ಏನು ತೆಗ್ದೆ?" ಎಂದು ಕೇಳಿದಳು ವಕೇಶೊ.

"ಕೊಂಬೆ."

"ಹೆಂಗಿತ್ತು?"

"ಇನ್ನೂ ಅಲ್ಲಾಡ್ತಿತ್ತು ಅಕ್ಕಾ," ಎಂದ ಮಘಂಗ, ತುಂಬ ಸಂತೋಷದಿಂದ.